ಕುರುಳು ಮತ್ತು ಕೆದರು: ಸಂಪಾಜೆಯ ಸೀಮೆಯ ಕೇಶಸಂಸ್ಕಾರವನ್ನು ಕುರಿತ ವಿಚಾರ

ಕನ್ನಡದಲ್ಲಿ ಕೇಶವಾಚಕಗಳಾದ ಶಬ್ದಗಳಿಗೆ ಬಡತನವಿಲ್ಲ. ಕೂದಲು, ಕುರುಳು, ಮುಡಿ, ಜಡೆ, ಹೆರಳು, ತುರುಬು ಮೊದಲಾದವು ಒಂದೊಂದೂ ಒಂದೊಂದು ಅವಸ್ಥೆಯನ್ನು ಹೇಳತಕ್ಕ ಪದಗಳು. ಇವುಗಳೊಡನೆ ಕೆದರು ಎಂಬ ಮಾತೂ ಸೇರಿಕೊಂಡಿದೆ. ಇವುಗಳಲ್ಲಿ ಕುರುಳು ಎಂಬುದು ಕೂದಲಿನ ಸ್ವಭಾವವನ್ನು ಹೇಳುತ್ತದೆ. ಹುಟ್ಟುವಾಗಲೇ ಸುರುಳಿಗೊಂಡು ಬರುವುದು ಕುರುಳು. ಕೆದರು ಎಂಬುದಾದರೋ ಕೂದಲಿಗೆ ಒದಗಿದ ಸ್ಥಿತಿ. ಎಣ್ಣೆಯಿಲ್ಲದೆ ಒರಟಾಗಿ, ಎಳೆಯು ಎಳೆಯನ್ನು ಬಿಟ್ಟು ಎದ್ದುನಿಲ್ಲುವುದು ಕೆದರು. ಒಂದು ಪ್ರಕೃತಿ, ಇನ್ನೊಂದು ವಿಕೃತಿ. ಈಚಿನ ಬಳಕೆಯಲ್ಲಿ ಇವೆರಡೂ ಕಲಸಿಹೋಗಿವೆ. ಗುಂಗುರುಕೂದಲಿನವರನ್ನು ಕಂಡೊಡನೆ ಕೆದರುತಲೆಯವರೆನ್ನುವುದೂ, ಅದಕ್ಕೆ ಪರಿಹಾರವು ಕೂದಲನ್ನು ನೆಟ್ಟಗೆ ಮಾಡುವುದೊಂದೇ ಎಂದು ತಿಳಿಯುವುದೂ ರೂಢಿಯಾಗಿದೆ. ಪೂರ್ವಿಕರ ಅಭಿಪ್ರಾಯವೂ ಹೀಗೆಯೇ ಇದ್ದಿತೇ ಎಂಬುದು ಪ್ರಕೃತ ವಿಚಾರ. ಕೋಶ, ವೈದ್ಯ, ಕಾವ್ಯ, ಶಿಲ್ಪ ಎಂಬ ನಾಲ್ಕು ಸಾಕ್ಷಿಗಳನ್ನೂ, ದಕ್ಷಿಣಕನ್ನಡ ಜಿಲ್ಲೆಯ ಸಂಪಾಜೆಯ ಸೀಮೆಯಲ್ಲಿ ಉಳಿದುಬಂದಿರುವ ಆಚಾರವನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಕುರುಳನ್ನು ಉಳಿಸಿಕೊಂಡು ಕೆದರನ್ನು ಮಾತ್ರ ಕಳೆಯುವುದೇ ಹಿಂದಿನವರ ಮತವಾಗಿದ್ದಿತೆಂಬುದು ಸ್ಪಷ್ಟವಾಗುತ್ತದೆ.

ಮೊದಲು ಶಬ್ದಗಳ ವಿಚಾರ. ಕನ್ನಡದ ಕೂದಲು, ತಮಿಳು ಮಲಯಾಳಗಳ ಕೂಂದಲ್, ತುಳುವಿನ ಕೂಜಲ್ ಇವು ಒಂದೇ ಬೇರಿನವು. ಕುರುಳ್ ಎಂಬುದೂ ದ್ರಾವಿಡಭಾಷೆಗಳಿಗೆ ಸಾಧಾರಣವಾದ ಪದವೇ. ತಮಿಳಿನಲ್ಲಿ ಕುರುಳ್ ಎಂದೂ ತೆಲುಗಿನಲ್ಲಿ ಕುರುಲು ಎಂದೂ ಇದು ಕಾಣುತ್ತದೆ. ಹಳಗನ್ನಡದ ಕವಿಗಳಿಗೆ ಇದು ನಿತ್ಯಪರಿಚಿತವಾದ ಮಾತು. ಇಂದಿನ ಆಡುನುಡಿಯಲ್ಲಿ ಕುರುಳು ಎಂಬುದು ತಾನೊಂದೇ ಬರುವುದು ಅಪೂರ್ವವಾದರೂ, ಮುಂಗುರುಳು ಎಂಬ ಸಮಾಸದಲ್ಲಿ ಅದು ಕಕಾರಕ್ಕೆ ಗಕಾರಾದೇಶವನ್ನು ಹೊಂದಿ ಜೀವಂತವಾಗಿದೆ. ವಿಚಿತ್ರವೇನೆಂದರೆ, ಮರಾಠಿಯಲ್ಲಿ ಸುರುಳಿಗೂದಲನ್ನು ಇಂದಿಗೂ ಕುರಳೇ ಕೇಸ ಎನ್ನುತ್ತಾರೆ. ಕನ್ನಡದ ಕುರುಳಿನೊಡನೆ ಇದಕ್ಕಿರುವ ಸಾದೃಶ್ಯವು ಎದ್ದುತೋರುತ್ತದೆ. ಕನ್ನಡಿಗರಾದರೋ ಗುಂಗುರು ಎನ್ನುತ್ತಾರೆ. ಇದು ಹಿಂದಿಯ ಘುಂಗರಾಲೆ ಎಂಬುದನ್ನು ನೆನಪಿಗೆ ತರುತ್ತದೆ. ನೆರೆಯವರು ಕುರುಳನ್ನು ಇಟ್ಟುಕೊಂಡಿರುವಲ್ಲಿ ಕನ್ನಡದ ಮಾತುಗಾರರು ಅದನ್ನು ಪದ್ಯಕ್ಕೆ ಬಿಟ್ಟುಕೊಟ್ಟರು. ಶಬ್ದವು ಬಾಯಿಂದ ಜಾರಿದ ಮೇಲೆ ಅದು ಕಾಪಾಡಿಕೊಂಡಿದ್ದ ಭೇದವೂ ಜಾರುವುದು ಸಹಜ.

ಸಂಸ್ಕೃತಕೋಶಗಳಲ್ಲಿ ಈ ಭೇದವು ಇನ್ನೂ ನಿಷ್ಕೃಷ್ಟವಾಗಿದೆ. ಅಮರಸಿಂಹನು ಮನುಷ್ಯವರ್ಗದಲ್ಲಿ ಚಿಕುರ, ಕುಂತಲ, ಕಚ, ಕೇಶ, ಶಿರೋರುಹ ಮುಂತಾದುವನ್ನು ಸಾಮಾನ್ಯನಾಮಗಳಾಗಿ ಹೇಳಿ, ಬಳಿಕ ವಿಶೇಷಗಳನ್ನು ಎಣಿಸುತ್ತಾನೆ. ಸುರುಳಿಗೊಂಡ ಚೂರ್ಣಕುಂತಲಕ್ಕೆ ಅಲಕವೆಂದೂ, ಹಣೆಯ ಮೇಲೆ ಇಳಿದಿರುವುದಕ್ಕೆ ಭ್ರಮರಕವೆಂದೂ, ಕಟ್ಟಿದ ಮುಡಿಗೆ ಧಮ್ಮಿಲ್ಲವೆಂದೂ, ವ್ರತಿಗಳ ಸಿಕ್ಕುಗಟ್ಟಿದ ಕೂದಲಿಗೆ ಜಟೆ, ಸಟೆ ಎಂದೂ ಹೆಸರು. ಇದರ ಜೊತೆಗೆ ಶೀರ್ಷಣ್ಯ, ಶಿರಸ್ಯ ಎಂಬ ಎರಡು ಪದಗಳನ್ನು ವಿಶದವಾದ, ಎಂದರೆ ಶುಚಿಯಾಗಿ ಸಿಕ್ಕುಬಿಟ್ಟಿರುವ, ಕೂದಲಿಗೆ ಮೀಸಲಾಗಿ ಇಟ್ಟಿರುವುದು ಗಮನಾರ್ಹ. ಅಲಕವು ಆಕಾರವನ್ನು ಹೇಳತಕ್ಕದ್ದು. ಶೀರ್ಷಣ್ಯವು ಸಂಸ್ಕಾರವನ್ನು ಹೇಳತಕ್ಕದ್ದು. ಒಂದು ಅಲಕವು ಶೀರ್ಷಣ್ಯವಾಗಿರಲು ಯಾವ ಅಡ್ಡಿಯೂ ಇಲ್ಲ. ಕನ್ನಡನಾಡಿನ ಒಂದು ಭಾಗಕ್ಕೆ ಕುಂತಲವೆಂಬ ಪ್ರಾಚೀನನಾಮವಿದ್ದುದನ್ನು ಹಿಡಿದು, ಭೂಕಾಂತೆಯ ಕುಂತಲವೇ ಕುಂತಲದೇಶವೆಂದು ಶ್ಲೇಷೆಮಾಡಿ ಹೊಗಳುವುದು ಶಾಸನಕವಿಗಳ ಸಂಪ್ರದಾಯವಾಗಿದ್ದಿತು. ದೇಶನಾಮದ ಮೂಲವೇನೇ ಇರಲಿ, ಮುಂಗುರುಳನ್ನು ನಾಡಿನ ಹೊಗಳಿಕೆಗೆ ಒದಗಿಸಿಕೊಂಡವರು ಅದನ್ನು ಅವಲಕ್ಷಣವೆಂದು ಎಣಿಸಿದ್ದರೆಂದು ಹೇಳಲಾಗದು.

ವೈದ್ಯಗ್ರಂಥಗಳ ಸಾಕ್ಷ್ಯವು ಇದಕ್ಕಿಂತಲೂ ಬಲವಾದುದು. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಪ್ರಕೃತಿಗಳನ್ನು ವರ್ಣಿಸುವಲ್ಲಿ, ಸ್ಥಿರವೂ ಕುಟಿಲವೂ ದುಂಬಿಯಂತೆ ಕಪ್ಪೂ ಆದ ಕೂದಲು ಕಫಪ್ರಕೃತಿಯವನ ಚಿಹ್ನೆಯೆಂದು ಹೇಳಿದೆ. ಅವನನ್ನು ಲಕ್ಷ್ಮೀವಂತನೆಂದೂ ಅಲ್ಲಿಯೇ ಕರೆದಿದೆ. ವಾಗ್ಭಟನ ಅಷ್ಟಾಂಗಹೃದಯದಲ್ಲಿ ಒಡೆದ, ಧೂಸರವಾದ ಕೂದಲು ವಾತಪ್ರಕೃತಿಗೆ ಸೇರಿದೆ. ಆದುದರಿಂದ ಸುರುಳಿಯು ಸ್ನಿಗ್ಧಗುಣವಾದ ಕಫದ ಕಡೆಗೂ, ಒರಟುತನವು ರೂಕ್ಷಗುಣವಾದ ವಾತದ ಕಡೆಗೂ ನಿಂತುವು. ಚಿಕಿತ್ಸೆಯೂ ಇದಕ್ಕೆ ಅನುಗುಣವಾಗಿಯೇ ಇದೆ. ತಲೆಗೆ ನಿತ್ಯವೂ ಎಣ್ಣೆಯಿಟ್ಟುಕೊಳ್ಳುವವನ ಕೂದಲು ಉದುರದೆ, ನರೆಯದೆ, ಬುಡ ಗಟ್ಟಿಯಾಗಿ ನೀಳವಾಗಿ ಬೆಳೆಯುವುದೆಂದು ಚರಕಸಂಹಿತೆಯ ಸೂತ್ರಸ್ಥಾನವು ಹೇಳುತ್ತದೆ. ಬಿಸಿನೀರನ್ನು ಕೊರಳಿನಿಂದ ಕೆಳಕ್ಕೆ ಹೊಯ್ದರೆ ಬಲವೆಂದೂ, ತಲೆಯ ಮೇಲೆ ಹೊಯ್ದರೆ ಕೂದಲಿಗೂ ಕಣ್ಣಿಗೂ ಹಾನಿಯೆಂದೂ ವಾಗ್ಭಟನು ಎಚ್ಚರಿಸುತ್ತಾನೆ. ಈ ವಿಧಿನಿಷೇಧಗಳೆಲ್ಲವೂ ರೂಕ್ಷತೆಯನ್ನು ತಡೆಯುವುದಕ್ಕಾಗಿಯೇ ಹೊರತು, ವಕ್ರತೆಯನ್ನು ತಿದ್ದುವುದಕ್ಕಲ್ಲ.

ಇಲ್ಲಿ ಒಂದು ಪೂರ್ವಪಕ್ಷವು ಏಳಬಹುದು. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ಪುರುಷಲಕ್ಷಣಾಧ್ಯಾಯದಲ್ಲಿ ಕೂದಲನ್ನು ಎರಡು ಪಂಕ್ತಿಯಾಗಿ ವಿಂಗಡಿಸಿದ್ದಾನೆ. ಒಂದು ರಂಧ್ರದಲ್ಲಿ ಒಂದೊಂದಾಗಿ ಹುಟ್ಟಿ, ನುಣುಪಾಗಿ, ಕಪ್ಪಾಗಿ, ಸ್ವಲ್ಪ ಬಾಗಿ, ತುದಿ ಒಡೆಯದೆ ಮೃದುವಾಗಿರುವ ಕೂದಲಿನವನು ಸುಖಿಯೋ ರಾಜನೋ ಆಗುವನು. ಒರಟಾಗಿ, ತುದಿಯೊಡೆದು, ಕಪಿಲವರ್ಣವಾಗಿ, ಅತಿಕುಟಿಲವೂ ಅತಿಘನವೂ ಆಗಿರುವುದು ನಿರ್ಧನರ ಕೂದಲು. ಆಕುಂಚಿತವು ಶ್ಲಾಘ್ಯ, ಅತಿಕುಟಿಲವು ನಿಂದ್ಯ ಎಂದಂತಾಯಿತು. ಈ ನಿಂದೆಯನ್ನು ಮುಚ್ಚಿಡುವುದು ವಿಮರ್ಶಕರಿಗೆ ಯೋಗ್ಯವಲ್ಲ. ಆದರೆ ಎರಡು ಮಾತುಗಳನ್ನು ಹೇಳಬೇಕಾಗಿದೆ. ನಿಂದ್ಯಪಂಕ್ತಿಯಲ್ಲಿ ಹೇಳಿರುವ ಒರಟುತನ, ಒಡೆದ ತುದಿ, ಮಾಸಿದ ಬಣ್ಣ ಇವು ಎಣ್ಣೆಗೂ ಆರೈಕೆಗೂ ಗತಿಯಿಲ್ಲದವನ ತಲೆಯ ಚಿಹ್ನೆಗಳು. ಬಡತನವು ಅವುಗಳ ಫಲವಲ್ಲ, ಕಾರಣ. ಎರಡನೆಯದಾಗಿ, ಲಕ್ಷಣಶಾಸ್ತ್ರವು ಭವಿಷ್ಯವನ್ನು ನುಡಿಯತಕ್ಕದ್ದೇ ಹೊರತು ದೇಹಸ್ವಭಾವವನ್ನು ನಿರ್ಣಯಿಸತಕ್ಕದ್ದಲ್ಲ. ದೇಹದ ವಿಷಯದಲ್ಲಿ ವೈದ್ಯನ ಮಾತೇ ಬಲವತ್ತರ. ಸುಶ್ರುತನಾದರೋ ಕುಟಿಲಕೇಶಿಯನ್ನು ಲಕ್ಷ್ಮೀವಂತನೆಂದನು.

ಶಿಲ್ಪಿಗಳು ಯಾವ ಪಕ್ಷವನ್ನು ಹಿಡಿದರೆಂಬುದಕ್ಕೆ ಕನ್ನಡನಾಡಿನ ಗೊಮ್ಮಟಮೂರ್ತಿಗಳೇ ಉತ್ತರ. ಬಾದಾಮಿಯ ಜೈನಗುಹೆಯಲ್ಲಿಯೂ ಐಹೊಳೆಯಲ್ಲಿಯೂ ಇರುವ ಬಾಹುಬಲಿಯ ಉಬ್ಬುಶಿಲ್ಪಗಳಲ್ಲಿ ನೀಳವಾದ ಎಳೆಗಳು ಹೆಗಲಿನ ಮೇಲೆ ಇಳಿದಿವೆ; ದೀರ್ಘತಪಸ್ಸಿನ ಚಿಹ್ನೆ ಅದು. ಚಾವುಂಡರಾಯನು ಸುಮಾರು ೯೮೧ರಲ್ಲಿ ಶ್ರವಣಬೆಳಗೊಳದಲ್ಲಿ ಮಾಡಿಸಿದ, ಸುಮಾರು ೫೭ ಅಡಿ ಎತ್ತರದ ಮೂರ್ತಿಯಲ್ಲಾದರೋ ತಲೆಯ ತುಂಬ ಸಣ್ಣಸಣ್ಣ ಸುರುಳಿಗಳು ಸಾಲುಸಾಲಾಗಿ ಕೂತಿವೆ. ೧೪೩೨ರ ಕಾರ್ಕಳದ ಮೂರ್ತಿಯೂ ೧೬೦೪ರ ವೇಣೂರಿನ ಮೂರ್ತಿಯೂ ಇದೇ ಮಾದರಿಯನ್ನು ಅನುಸರಿಸಿದುವು. ಕೇಶಲೋಚವನ್ನು ವ್ರತವಾಗಿ ಉಳ್ಳ ಧರ್ಮದಲ್ಲಿ, ಉಡುಗೆತೊಡುಗೆಗಳೆಲ್ಲವನ್ನೂ ಬಿಟ್ಟ ದೇಹದ ಮೇಲೆ, ಕುರುಳೊಂದನ್ನು ಉಳಿಸಿದ್ದಾರೆ. ಅದು ಅಲಂಕಾರವಾಗಿದ್ದರೆ ಇತರ ಅಲಂಕಾರಗಳೊಡನೆ ತಾನೂ ಹೋಗಬೇಕಾಗಿತ್ತು. ಉಳಿದಿರುವುದರಿಂದ, ಕುರುಳು ಮಹಾಪುರುಷಲಕ್ಷಣವೆಂಬ ಭಾವನೆಯೇ ಶಿಲ್ಪಿಯ ಉಳಿಗೆ ಆಧಾರವಾಗಿದ್ದಿತೆಂದು ಊಹಿಸಬಹುದು.

ಕಾವ್ಯಗಳಲ್ಲಿಯೂ ಇದೇ ವಿವೇಕವು ಕಾಣುತ್ತದೆ. ಕಾಳಿದಾಸನ ಮೇಘದೂತದಲ್ಲಿ ಯಕ್ಷನು ವಿರಹಿಣಿಯಾದ ಪತ್ನಿಯನ್ನು ಊಹಿಸಿಕೊಂಡು ವರ್ಣಿಸುವಾಗ, ಶುದ್ಧಸ್ನಾನದಿಂದ ಅವಳ ಅಲಕಗಳು ಪರುಷವಾಗಿ ಕೆನ್ನೆಯ ಮೇಲೆ ಜೋಲುತ್ತಿರುವುವೆಂದು ಹೇಳುತ್ತಾನೆ. ಶುದ್ಧಸ್ನಾನವೆಂದರೆ ಎಣ್ಣೆ ಮೊದಲಾದುವಿಲ್ಲದ ಬರಿಯ ನೀರಿನ ಸ್ನಾನವೆಂದು ಮಲ್ಲಿನಾಥನ ವ್ಯಾಖ್ಯೆ. ಗಂಡನು ದೂರದಲ್ಲಿರುವಾಗ ಅಭ್ಯಂಗವನ್ನು ವರ್ಜಿಸಿದ ಸ್ತ್ರೀಯ ಕೂದಲು ಕೆದರಿತು. ಕುರುಳು ಇದ್ದಂತೆಯೇ ಇದೆ, ಸ್ನೇಹವು ಹೋಗಿದೆ. ಸ್ನೇಹಶಬ್ದಕ್ಕೆ ಎಣ್ಣೆಯೆಂದೂ ಪ್ರೀತಿಯೆಂದೂ ಎರಡರ್ಥವಿರುವುದನ್ನು ಸಹೃದಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದೇ ಕಾವ್ಯದ ಪೂರ್ವಭಾಗದಲ್ಲಿ ಉಜ್ಜಯಿನಿಯ ಜಾಲಂಧ್ರಗಳಿಂದ ಹೊರಡುವ ಧೂಪವನ್ನು ಹೇಳುವಲ್ಲಿ ಕವಿಯು ಕೇಶಸಂಸ್ಕಾರವೆಂಬ ಪದವನ್ನೇ ಪ್ರಯೋಗಿಸಿದ್ದಾನೆ. ಮಿಂದ ಕೂದಲನ್ನು ಹೊಗೆಯಲ್ಲಿ ಆರಿಸುವುದು ಆಗಲೇ ನಗರಸ್ತ್ರೀಯರ ರೂಢಿಯಾಗಿದ್ದಿತು. ದ್ರೌಪದಿಯ ಬಿಚ್ಚಿದ ಮುಡಿಯಾದರೋ ಇನ್ನೂ ಪ್ರಸಿದ್ಧ. ಭಟ್ಟನಾರಾಯಣನ ವೇಣೀಸಂಹಾರಕ್ಕೆ ಅದು ಹೆಸರನ್ನೇ ಕೊಟ್ಟಿತು. ಪಂಪರನ್ನರ ಕಾವ್ಯಗಳಲ್ಲಿ ಅದು ವೀರರಸದ ಬೀಜವಾಯಿತು. ಕೆದರಿದ ಮುಡಿಯೆಂದರೆ ಶೋಕ ಅಥವಾ ಅವಮಾನ, ಕಟ್ಟಿದ ಮುಡಿಯೆಂದರೆ ಅದರ ನಿವೃತ್ತಿ. ಎಲ್ಲಿಯೂ ಕುರುಳಿಗೆ ಶೋಕದ ಸಂಬಂಧವಿಲ್ಲ.

ಕುಟಿಲಶಬ್ದಕ್ಕೆ ವಂಚನೆಯೆಂಬ ಅರ್ಥವೂ ಇರುವುದರಿಂದ ಕವಿಗಳು ಅದರಲ್ಲಿ ಚಮತ್ಕಾರವನ್ನು ತೋರಿಸಿದ್ದಾರೆ. ಮಮ್ಮಟನು ಕಾವ್ಯಪ್ರಕಾಶದಲ್ಲಿ ಪರಿಸಂಖ್ಯಾಲಂಕಾರಕ್ಕೆ ಕೊಡುವ ಉದಾಹರಣೆಗಳಲ್ಲೊಂದು, ನಾಯಿಕೆಯ ಕೌಟಿಲ್ಯವೆಲ್ಲ ಕೂದಲಿನಲ್ಲಿಯೇ ನೆಲಸಿದೆಯೆಂಬ ಅಭಿಪ್ರಾಯದ್ದು. ಕೌಟಿಲ್ಯಕ್ಕೆ ನಿರ್ದೋಷವಾದ ಒಂದೇ ಒಂದು ಸ್ಥಾನವಿದೆ, ಅದು ಕೇಶ ಎಂಬುದು ಇದರ ವ್ಯಂಗ್ಯ. ಹೃದಯದಲ್ಲಿ ದೋಷವಾಗುವುದು ತಲೆಯ ಮೇಲೆ ಗುಣವಾಗುತ್ತದೆ. ಆಲಂಕಾರಿಕರ ಈ ಮಾತನ್ನು ಕೇವಲ ಶಬ್ದಕ್ರೀಡೆಯೆಂದು ತಳ್ಳಿಬಿಡಲಾಗದು. ಕುರುಳು ಗುಣವೆಂಬುದು ಲೋಕಸಿದ್ಧವಾಗಿದ್ದರೆ ಮಾತ್ರ ಈ ಅಲಂಕಾರವು ನಿಲ್ಲತಕ್ಕದ್ದು.

ಗ್ರಂಥಗಳಲ್ಲಿ ಕಂಡ ಈ ವಿಚಾರವು ಬಾಳಿನಲ್ಲಿ ಹೇಗೆ ನಿಂತಿದೆಯೆಂಬುದಕ್ಕೆ ಸಂಪಾಜೆಯ ಸೀಮೆಯು ತಕ್ಕ ನಿದರ್ಶನ. ಮಂಗಳೂರಿನಿಂದ ಮಡಿಕೇರಿಗೆ ಹೋಗುವ ದಾರಿಯಲ್ಲಿ ಘಟ್ಟದ ಬುಡಕ್ಕೆ ಈ ಊರಿದೆ. ಇದೇ ಹೆಸರಿನ ಗ್ರಾಮಗಳು ಒಂದಕ್ಕೊಂದು ಹತ್ತಿಕೊಂಡು ಎರಡಿವೆ. ಒಂದು ಸುಳ್ಯ ತಾಲ್ಲೂಕಿಗೂ ಇನ್ನೊಂದು ಕೊಡಗಿಗೂ ಸೇರಿದುದು. ಪುತ್ತೂರು, ಅಮರಸುಳ್ಯಗಳ ಪ್ರದೇಶವು ೧೮೩೪ರವರೆಗೆ ಹಾಲೇರಿಯ ಅರಸರ ಆಳ್ವಿಕೆಯಲ್ಲಿದ್ದು, ಆ ವರ್ಷ ಕೊಡಗು ಕುಂಪಣಿಯ ವಶವಾದಾಗ ಕನ್ನಡಜಿಲ್ಲೆಗೆ ಕೂಡಿತು; ೧೮೩೭ರ ಅಮರಸುಳ್ಯದ ದಂಗೆಯು ಈ ಪ್ರದೇಶದಲ್ಲಿಯೇ ಎದ್ದಿತು. ಗಡಿಯ ಊರಾದುದರಿಂದ ಇಲ್ಲಿ ತುಳು, ಅರೆಭಾಷೆ, ಹವ್ಯಕಕನ್ನಡ, ಮಲಯಾಳಗಳು ಒಟ್ಟಿಗೆ ಕೇಳಿಬರುವುವು. ಪಯಸ್ವಿನಿಯ ದಡದ ಅಡಕೆ ತೆಂಗುಗಳ ತೋಟಗಳೂ, ಸೀಗೆಯ ಬಳ್ಳಿಗಳುಳ್ಳ ಘಟ್ಟದ ಕಾಡೂ ಈ ಸೀಮೆಯ ಸಂಪತ್ತು. ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು ೪೦೦೦ ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ. ಗಾಳಿಯಲ್ಲಿ ಇಷ್ಟು ತೇವವಿರುವಲ್ಲಿ ಸುರುಳಿಗೂದಲು ಬಹುಬೇಗ ಕೆದರುವುದರಿಂದ, ಅದಕ್ಕೆ ಪ್ರತೀಕಾರವೂ ಮನೆಮನೆಯ ವಿದ್ಯೆಯಾಯಿತು.

ಆ ವಿದ್ಯೆಯ ಕ್ರಮ ಹೀಗಿದೆ. ಮೊದಲು ಬುಡದಿಂದ ತುದಿಯವರೆಗೆ ತೆಂಗಿನೆಣ್ಣೆಯನ್ನು ಹಚ್ಚಿ, ಬೆರಳಿನಿಂದಲೇ ಸಿಕ್ಕುಬಿಡಿಸಿ, ಕೆಲವು ಹೊತ್ತು ನೆನೆಯಲು ಬಿಡುವರು. ಗರುಗ, ನೆಲ್ಲಿ, ಒಂದೆಲಗ ಮೊದಲಾದುವನ್ನು ಹಾಕಿ ಕಾಸಿದ ಎಣ್ಣೆಯಾದರೆ ಇನ್ನೂ ವಿಶೇಷ; ಗರುಗವೇ ಆಯುರ್ವೇದದ ಭೃಂಗರಾಜ. ಅನಂತರ ದಾಸವಾಳದ ಎಲೆಯನ್ನು ನೀರಿನಲ್ಲಿ ಕಿವುಚಿ ತೆಗೆದ ಲೋಳೆಯಿಂದ ತಲೆಯನ್ನು ತಿಕ್ಕುವರು. ಈ ಲೋಳೆಗೆ ಗೊಂಪು ಎಂದು ಹೆಸರು. ನೆರೆಯ ಮಲಯಾಳದಲ್ಲಿ ಇದನ್ನು ತಾಳಿಯೆನ್ನುತ್ತಾರೆ. ಎಣ್ಣೆ ಹೆಚ್ಚಾಗಿದ್ದರೆ ಸೀಗೆಯ ಪುಡಿಯನ್ನೋ ಅಂಟುವಾಳದ ನೊರೆಯನ್ನೋ ಬಳಸುವುದುಂಟು; ಅವು ಜಿಡ್ಡನ್ನು ತೆಗೆಯುವುವು, ಗೊಂಪು ನುಣುಪನ್ನು ಉಳಿಸುವುದು. ಮಿಂದ ಮೇಲೆ ಕೂದಲನ್ನು ಬಟ್ಟೆಯಿಂದ ಉಜ್ಜದೆ ಒತ್ತಿ ನೀರು ಹಿಂಡಿ, ತುದಿಗಂಟು ಹಾಕಿ ಆರಲು ಬಿಡುವರು. ಮಳೆಗಾಲದಲ್ಲಿ ಧೂಪದ ಹೊಗೆಯನ್ನು ಹಿಡಿಯುವರು. ತೇವವು ಪೂರ್ತಿ ಆರುವುದಕ್ಕೆ ಮೊದಲೇ ಬಿಡಿಯಾಗಿ ಹೆಣೆದರೆ ಸುರುಳಿಯು ಜಡೆಯಲ್ಲಿ ಕೂತು ನಿಲ್ಲುವುದು. ನರಕಚತುರ್ದಶಿಯ ಅಭ್ಯಂಗದಲ್ಲಿ ಈ ಕ್ರಮಕ್ಕೆ ಹಬ್ಬದ ಗೌರವವೂ ಸೇರುತ್ತದೆ. ಎಣ್ಣೆ, ಲೋಳೆ, ಹೊಗೆ, ಹೆಣಿಗೆ ಎಂಬ ಈ ನಾಲ್ಕರಲ್ಲಿ ಯಾವುದೊಂದೂ ಕುರುಳನ್ನು ನೆಟ್ಟಗೆ ಮಾಡತಕ್ಕದ್ದಲ್ಲವೆಂಬುದನ್ನು ಲಕ್ಷಿಸಬೇಕು. ಕಾಳಿದಾಸನ ಕೇಶಸಂಸ್ಕಾರಧೂಪವೂ ಚರಕನ ಅಭ್ಯಂಗವೂ ಗ್ರಂಥದ ಹಂಗಿಲ್ಲದ ಗೃಹಿಣಿಯರ ಕೈಯಲ್ಲಿ ಒಂದೇ ಕ್ರಮವಾಗಿ ಕೂಡಿಕೊಂಡಿವೆ.

ಆಧುನಿಕ ವಿಜ್ಞಾನವು ಈ ಆಚಾರಕ್ಕೆ ಉಪಪತ್ತಿಯನ್ನು ಒದಗಿಸುತ್ತದೆ. ಚರ್ಮದೊಳಗೆ ಕೂದಲು ಹುಟ್ಟುವ ಕೋಶವು ಬಾಗಿರುವುದರಿಂದ ಎಳೆಯೂ ಬಾಗಿ ಬೆಳೆಯುತ್ತದೆ. ಅದನ್ನು ಅಡ್ಡಕ್ಕೆ ಕತ್ತರಿಸಿ ನೋಡಿದರೆ ವೃತ್ತವಾಗಿರದೆ ಅಂಡಾಕಾರವಾಗಿರುವುದು. ನೆತ್ತಿಯಲ್ಲಿ ಊರುವ ಜಿಡ್ಡು ನೆಟ್ಟನೆಯ ಎಳೆಯಲ್ಲಿ ಸುಲಭವಾಗಿ ಇಳಿಯುವಂತೆ ಸುರುಳಿಯ ತಿರುವುಗಳಲ್ಲಿ ಇಳಿಯಲಾರದು. ಆದುದರಿಂದ ಸುರುಳಿಗೂದಲಿನ ತುದಿ ಬೇಗನೆ ಒಣಗುತ್ತದೆ. ಒಣಗಿದ ಎಳೆಯು ಗಾಳಿಯ ತೇವವನ್ನು ಹೀರಿ ಉಬ್ಬುತ್ತದೆ. ಜಿನೀವಾದ ಸೊಸ್ಯೂರ್ ಎಂಬ ವಿದ್ವಾಂಸನು ೧೭೮೩ರಲ್ಲಿ ಪ್ರಕಟಿಸಿದ ತೇವಮಾಪಕದಲ್ಲಿ ಮನುಷ್ಯನ ಕೂದಲನ್ನೇ ಸಾಧನವಾಗಿ ಇಟ್ಟಿದ್ದನು. ಗಾಳಿಯು ಪೂರ್ತಿ ಒಣಗಿರುವುದಕ್ಕೂ ಪೂರ್ತಿ ತೇವವಾಗಿರುವುದಕ್ಕೂ ನಡುವೆ ಕೂದಲು ನೂರಕ್ಕೆ ಎರಡು ಪಾಲಿಗಿಂತ ಸ್ವಲ್ಪ ಹೆಚ್ಚಾಗಿ ಉದ್ದವಾಗುವುದೇ ಅದರ ತತ್ತ್ವ. ಸಂಪಾಜೆಯ ಆಷಾಢದಲ್ಲಿ ಪ್ರತಿಯೊಂದು ತಲೆಯೂ ಒಂದು ತೇವಮಾಪಕವೇ ಸರಿ. ಖನಿಜತೈಲ, ಸೂರ್ಯಕಾಂತಿಯ ಎಣ್ಣೆ, ತೆಂಗಿನೆಣ್ಣೆ ಈ ಮೂರನ್ನು ಹೋಲಿಸಿ ರೇಲೆ, ಮೋಹಿಲೆ ಎಂಬ ಭಾರತೀಯ ಸಂಶೋಧಕರು ೨೦೦೩ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ, ತೆಂಗಿನೆಣ್ಣೆಯೊಂದೇ ಎಳೆಯೊಳಕ್ಕೆ ಇಳಿದು, ತೊಳೆಯುವಾಗ ಆಗುವ ಸತ್ತ್ವನಷ್ಟವನ್ನು ಗಣನೀಯವಾಗಿ ತಗ್ಗಿಸಿತೆಂದು ಕಂಡುಬಂದಿತು. ಮೀಯುವುದಕ್ಕೆ ಮೊದಲೇ ಎಣ್ಣೆಯಿಡುವ ಕ್ರಮವು ಕುರುಡುರೂಢಿಯಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.

ಇಷ್ಟು ಸ್ಪಷ್ಟವಾದ ಭೇದವು ಮಸಕಾದುದು ಹೇಗೆ? ಶಬ್ದದ ಬಳಕೆ ತಪ್ಪಿದುದು ಒಂದು ಕಾರಣ. ಇನ್ನೊಂದು ಕಾರಣವು ಹೊರಗಿನಿಂದ ಬಂದುದು. ೧೯೦೯ರಲ್ಲಿ ಏಳು ಸಂಪುಟಗಳಾಗಿ ಹೊರಟ ಎಡ್ಗರ್ ಥರ್ಸ್ಟನ್ನನ ದಕ್ಷಿಣಭಾರತದ ಜಾತಿಬುಡಕಟ್ಟುಗಳ ಗ್ರಂಥದಲ್ಲಿ ಮೂಗಿನ ಅಳತೆಯೊಡನೆ ಕೂದಲಿನ ರೂಪವನ್ನೂ ದಾಖಲೆಮಾಡಿದೆ. ಬಿ. ಎಸ್. ಗುಹರು ೧೯೨೮ರಲ್ಲಿ ಕಾಡರ್ ಜನರಲ್ಲಿ ಕಂಡ ಬಿಗಿಸುರುಳಿಯ ಕೂದಲನ್ನು ಆಧಾರವಾಗಿಟ್ಟುಕೊಂಡು ಭಾರತದಲ್ಲಿ ನೀಗ್ರಿಟೋ ಅಂಶವಿದೆಯೆಂದು ವಾದಿಸಿದರು. ಹೀಗೆ ಕುರುಳು ಲಕ್ಷಣವಾಗಿದ್ದುದು ಜನಾಂಗದ ಗುರುತಾಯಿತು. ಗುರುತು ಮೆಲ್ಲನೆ ಮೇಲುಕೀಳಿನ ಅಳತೆಗೋಲಾಯಿತು. ಈಚಿನ ವಂಶಾಣುಶಾಸ್ತ್ರವು ಈ ವಾದದ ಬುಡವನ್ನೇ ಅಲುಗಿಸಿದೆ. ಅಂಡಮಾನಿನ ಮೂಲನಿವಾಸಿಗಳ ಕೂದಲೂ ಆಫ್ರಿಕದವರ ಕೂದಲೂ ಒಂದೇ ಬಗೆಯಾಗಿ ಕಂಡರೂ, ವಂಶದಲ್ಲಿ ಅಂಡಮಾನಿನವರು ಏಷ್ಯದ ಜನರಿಗೆ ಹತ್ತಿರದವರು. ಆದುದರಿಂದ ಕೂದಲಿನ ರೂಪಸಾಮ್ಯವು ವಂಶಸಾಮ್ಯಕ್ಕೆ ಪ್ರಮಾಣವಾಗಲಾರದು.

ಇದು ಕೇವಲ ಶಾಸ್ತ್ರಚರ್ಚೆಯಲ್ಲ. ಉತ್ತರಕನ್ನಡದ ಯಲ್ಲಾಪುರ, ಹಳಿಯಾಳ, ಅಂಕೋಲ ತಾಲ್ಲೂಕುಗಳ ಕಾಡುಗಳಲ್ಲಿ ನೆಲಸಿರುವ ಸಿದ್ದಿಗಳು ಆಫ್ರಿಕದ ಮೂಲದವರು. ಪೋರ್ಚುಗೀಸರ ಕಾಲದ ಗುಲಾಮವ್ಯಾಪಾರದಲ್ಲಿ ಗೋವೆಗೆ ತರಲ್ಪಟ್ಟು ಅಲ್ಲಿಂದ ತಪ್ಪಿಸಿಕೊಂಡು ಬಂದವರ ಸಂತತಿಯೂ ಇವರಲ್ಲಿದೆ. ೨೦೦೩ರಲ್ಲಿ ಇವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ೨೦೨೦ರಲ್ಲಿ ಈ ಸಮುದಾಯದ ಶಾಂತಾರಾಮ ಸಿದ್ದಿಯವರು ವಿಧಾನಪರಿಷತ್ತಿಗೆ ನಾಮಕರಣಗೊಂಡರು. ತಲೆತಲಾಂತರದಿಂದ ಕನ್ನಡವನ್ನೂ ಕೊಂಕಣಿಯನ್ನೂ ಆಡುತ್ತಿರುವ ಇವರನ್ನು ಕೂದಲು ನೋಡಿ ಪರದೇಶಿಗಳೆನ್ನುವುದು ಅಜ್ಞಾನದ ಫಲ. ವರಾಹಮಿಹಿರನ ಅತಿಕುಟಿಲಶಬ್ದವನ್ನು ವಿವೇಚನೆಯಿಲ್ಲದೆ ತರಗತಿಯಲ್ಲಿ ಅನುವಾದಿಸಿದರೆ ಅದು ಎದುರಿಗೆ ಕೂತಿರುವ ಮಗುವಿನ ತಲೆಯ ಮೇಲೆ ಬೀಳುತ್ತದೆ. ಕೂದಲಿನ ಸಹಜರೂಪವನ್ನು ಕಾರಣಮಾಡಿಕೊಂಡು ಶಾಲೆಯಲ್ಲಿಯೂ ಉದ್ಯೋಗದಲ್ಲಿಯೂ ಭೇದವೆಣಿಸಕೂಡದೆಂದು ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನವು ೨೦೧೯ರಲ್ಲಿ ಕಾಯಿದೆಯನ್ನೇ ಮಾಡಬೇಕಾಯಿತು.

ನೆಟ್ಟಗೆ ಮಾಡುವ ಉಪಾಯಗಳ ಸ್ವರೂಪವನ್ನೂ ಇಲ್ಲಿ ಹೇಳಬಹುದು. ಕಾದ ಕಬ್ಬಿಣದಿಂದ ತೀಡಿದರೆ ಎಳೆಯೊಳಗಿನ ದುರ್ಬಲಬಂಧಗಳು ಮಾತ್ರ ಸಡಿಲಿ, ತೇವ ತಾಕಿದೊಡನೆ ಮೊದಲಿನಂತಾಗುವುವು. ರಾಸಾಯನಿಕಗಳಾದರೋ ಗಂಧಕದ ದೃಢಬಂಧಗಳನ್ನೇ ಒಡೆಯುವುವು. ಬುಡದಿಂದ ಹೊಸದಾಗಿ ಹುಟ್ಟುವ ಕೂದಲು ಮಾತ್ರ ಮತ್ತೆ ಸುರುಳಿಯಾಗಿಯೇ ಬರುತ್ತದೆ. ಇಂತಹ ಕೆಲವು ಲೇಪಗಳು ಕಾಯಿಸಿದಾಗ ಫಾರ್ಮಾಲ್ಡಿಹೈಡ್ ಎಂಬ ವಿಷಾನಿಲವನ್ನು ಬಿಡುವುವೆಂದು ಅಮೆರಿಕದ ಕಾರ್ಮಿಕಸುರಕ್ಷಾ ಇಲಾಖೆಯು ೨೦೧೧ರಲ್ಲಿ ಎಚ್ಚರಿಕೆ ಕೊಟ್ಟಿತು. ಯಾರು ಯಾವ ರೀತಿಯಲ್ಲಿ ತಲೆ ಬಾಚಿಕೊಳ್ಳಬೇಕೆಂಬುದು ಅವರವರ ಇಷ್ಟಕ್ಕೆ ಸೇರಿದುದು. ನೆಟ್ಟಗಿನ ಕೂದಲನ್ನು ಬಯಸುವವರನ್ನು ನಿಂದಿಸುವುದಕ್ಕೆ ಯಾವ ಶಾಸ್ತ್ರವೂ ಇಲ್ಲ. ಆದರೆ ಕುರುಳು ರೋಗವೆಂದು ನಂಬಿಸಿ ಔಷಧಿಯನ್ನು ಮಾರುವುದಕ್ಕೆ ಸಂಪ್ರದಾಯದ ಸಮ್ಮತಿಯಿದೆಯೆನ್ನುವುದಾದರೆ, ಮೇಲಿನ ಪ್ರಮಾಣಗಳು ಅದಕ್ಕೆ ಬಾಧಕವಾಗಿ ನಿಲ್ಲುವುವು.

ಇದುವರೆಗಿನ ವಿಚಾರದಿಂದ ನಿಷ್ಪನ್ನವಾಗುವುದಿಷ್ಟು. ಕುರುಳು ಪ್ರಕೃತಿ, ಕೆದರು ವಿಕೃತಿ. ಸಂಸ್ಕಾರವು ವಿಕೃತಿಗೆ ಮಾತ್ರ. ಈ ಮಾತಿನಲ್ಲಿ ವೈದ್ಯನೂ ಕವಿಯೂ ಶಿಲ್ಪಿಯೂ ಸಂಪಾಜೆಯ ಗೃಹಿಣಿಯೂ ಏಕಾಭಿಪ್ರಾಯರು. ಲಕ್ಷಣಕಾರನೊಬ್ಬನೇ ಅತಿಶಬ್ದವನ್ನು ಸೇರಿಸಿ ಬೇರೆಯಾಗಿ ನಿಂತವನು. ಅಲಕ, ಚೂರ್ಣಕುಂತಲ, ಮುಂಗುರುಳು ಮೊದಲಾದ ಪದಗಳು ಪಾಠದಲ್ಲಿ ಬಂದಾಗ ಅವುಗಳಿಗೆ ಕೂದಲು ಎಂಬ ಒಂದೇ ಅರ್ಥವನ್ನು ಬರೆಸಿ ಮುಂದಕ್ಕೆ ಹೋಗುವುದು ಈಗಿನ ಬೋಧನೆಯಲ್ಲಿ ಸಾಮಾನ್ಯ. ಅಲ್ಲಿ ನಿಂತು ಈ ಭೇದವನ್ನು ಎರಡು ಮಾತಿನಲ್ಲಿ ವಿವರಿಸಿದರೆ ಪದ್ಯದ ಅರ್ಥವೂ ತಿಳಿಯಾಗುವುದು, ಮುಂಗುರುಳಿನ ವಿದ್ಯಾರ್ಥಿಯು ಸಹಪಾಠಿಗಳ ನಗೆಗೆ ಈಡಾಗುವುದೂ ತಪ್ಪುವ ಸಂಭವವಿದೆ. ಗೊಂಪಿನ ವಿಧಾನವನ್ನು ಬಲ್ಲ ಹಿರಿಯ ಹೆಂಗಸರು ಘಟ್ಟದ ಕೆಳಗಿನ ಮನೆಗಳಲ್ಲಿ ಇನ್ನೂ ಇದ್ದಾರೆ. ಅವರ ಬಾಯಿಂದ ಕೂದಲಿಗೂ ಅದರ ಆರೈಕೆಗೂ ಸಂಬಂಧಿಸಿದ ತುಳು, ಅರೆಭಾಷೆ, ಹವ್ಯಕಕನ್ನಡಗಳ ಮಾತುಗಳನ್ನು ಸಂಗ್ರಹಿಸಿ ಕೋಶಕ್ಕೆ ಸೇರಿಸುವುದು ಆ ಸೀಮೆಯ ಅಧ್ಯಾಪಕರಿಂದ ಆಗಬೇಕಾದ ಕೆಲಸ.